ಅಪ್ಪನಿಗೆ ಬೆನ್ನು ಹಾಕಿ ಕೂತ ಮಗ

ಮನೆಗೆ ಕಾರು ಬರುವುದು ದೊಡ್ಡ ವಿಷಯವಲ್ಲ. ಅದರಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ದೊಡ್ಡ ವಿಷಯ. ಕಿಟಕಿ ಪಕ್ಕ ಯಾರು, ವಾಂತಿ ಬರುವವರು ಯಾರು, ಕಾಲು ನೀಡಿಕೊಂಡು ಕೂರಬೇಕಾದವರು ಯಾರು ಅಂತ ಹೊರಡುವ ಮೊದಲೇ ಅರ್ಧ ಜಗಳ ಮುಗಿದಿರುತ್ತದೆ. ಆದರೆ ಎಳೆಗೂಸುಗಳಿಗೆ ಜಗಳ ಆಡಲು ಬಾರದು. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತವೆ. ಹಾಗಾಗಿ ಅವುಗಳ ಪರವಾಗಿ ಜಗಳ ಆಡಲು ಯಾರಾದರೂ ಒಬ್ಬರು ಬೇಕು. ಈ ಕಥೆಯಲ್ಲಿ ಆ ಪುಣ್ಯ ಕಟ್ಟಿಕೊಂಡವಳು ಕೆಳಮನೆಯ ನರ್ಸಕ್ಕ.

ಅವಳು ಜಗಳ ಆಡಿದ್ದು ಅದೇ ಕಟ್ಟಡದ ಮೇಲ್ಮನೆಯ ಕ್ರೇನಪ್ಪನ ಜೊತೆ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ಬಂದರಿನಲ್ಲಿ ಹಡಗಿನ ಸರಕು ಎತ್ತಿ ಇಳಿಸುವ ದೊಡ್ಡ ಕ್ರೇನ್ ನಡೆಸುತ್ತಾನಾದ್ದರಿಂದ ಬೀದಿಯವರೆಲ್ಲ ಕ್ರೇನಪ್ಪ, ಕ್ರೇನಪ್ಪ ಎಂದು ಕರೆದು ಕರೆದು, ಕೊನೆಗೆ ಅವನೇ ಫೋನೆತ್ತಿ “ನಾನು ಕ್ರೇನಪ್ಪ” ಅನ್ನುವ ಹಾಗಾಯಿತು.

ಬಂದರು ಇಲ್ಲಿಂದ ಅರ್ಧ ದಿನದ ದಾರಿ. ಅಲ್ಲಿ ಅವನಿಗೆ ಸಿಕ್ಕಿದ್ದು ಮೂವರು ಗಂಡಸರ ಜೊತೆ ಒಂದು ಕೋಣೆ. ಹೆಂಡತಿ ಮಕ್ಕಳು ಇಲ್ಲೇ. ಹೆಂಡತಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ, ಬೀದಿಗೆಲ್ಲ ಅವಳು ಟೈಲರಮ್ಮ. ಮಕ್ಕಳು ಎರಡು. ದೊಡ್ಡವಳು ಪುಟ್ಟಿ, ಒಂದೂವರೆ ವರ್ಷ. ಚಿಕ್ಕವನು ಗುಂಡ, ಮೂರು ತಿಂಗಳು.

ಗುಂಡ ಹುಟ್ಟಿದ ಸುದ್ದಿ ಬಂದಾಗ ಕ್ರೇನಪ್ಪ ನೆಲದಿಂದ ಎಷ್ಟೋ ಮಹಡಿ ಮೇಲೆ, ಗಾಜಿನ ಕ್ಯಾಬಿನ್ನಿನಲ್ಲಿ ಕೂತಿದ್ದ. ಕೆಳಗೆ ಹಗ್ಗದ ತುದಿಯಲ್ಲಿ ಹೊರೆ ತೂಗುತ್ತಿತ್ತು. ಅಳುವ ಹಾಗಿಲ್ಲ, ಕುಣಿಯುವ ಹಾಗಿಲ್ಲ. ಹೊರೆಯನ್ನು ನೆಲಕ್ಕೆ ಮುಟ್ಟಿಸಿ, ಆಮೇಲೆ ಅತ್ತ.

ಅಲ್ಲಿಂದಾಚೆ ಮಗನ ಮುಖ ಅಂದರೆ ಅಂಗೈಯಗಲದ ಫೋನು. ದಿನಾ ಸಂಜೆ ನೋಡುತ್ತಿದ್ದ. ಟೈಲರಮ್ಮ ಫೋನನ್ನು ಮಗುವಿನ ಹತ್ತಿರ ಹಿಡಿದರೆ ಒಮ್ಮೆ ಬರೀ ಕಿವಿ ಕಾಣುವುದು, ಒಮ್ಮೆ ಬರೀ ಹಣೆ. “ಸ್ವಲ್ಪ ಕೆಳಗೆ ಹಿಡಿಯೇ, ಸ್ವಲ್ಪ ಎಡಕ್ಕೆ,” ಅನ್ನುವಷ್ಟರಲ್ಲಿ ಸಿಗ್ನಲ್ ಹೋಗುವುದು. ಅವನು ಕತ್ತಲಾದ ಫೋನನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತಿದ್ದ. ಪಕ್ಕದ ಹಾಸಿಗೆಯವನು ನಗುತ್ತಾನೆಂದು ಆಮೇಲೆ ಜೇಬಿಗೆ ಹಾಕುತ್ತಿದ್ದ.

ರಜೆಗೆ ಬಂದಾಗ ಎತ್ತಿಕೊಂಡರೆ ಗುಂಡ ಕಿಟಾರನೆ ಕಿರುಚುತ್ತಿದ್ದ. “ಮೀಸೆಗೆ ಹೆದರ್ತಾನೆ” ಅಂದರು ಯಾರೋ. ಕ್ರೇನಪ್ಪ ಹದಿಹರೆಯದಿಂದ ಸಾಕಿದ ಮೀಸೆಯನ್ನು ಅಂದೇ ಬೋಳಿಸಿದ. ಮೀಸೆ ಹೋಯಿತು, ಅಳು ಹೋಗಲಿಲ್ಲ. ಬಂದರಿಗೆ ವಾಪಸು ಹೋಗುವ ಬಸ್ಸಿನಲ್ಲಿ ಬೋಳು ತುಟಿಯನ್ನು ಸವರಿಕೊಂಡು ಕೂತಿದ್ದ. ಮಗನಿಗೆ ತಾನು ಯಾರೋ ಆಗಿಬಿಟ್ಟೆನಲ್ಲ ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅದನ್ನು ಯಾರ ಹತ್ತಿರವೂ ಹೇಳಲಿಲ್ಲ.

ಕೊನೆಗೊಂದು ದಿನ ಬಂದರಿನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಇನ್ನು ಎಲ್ಲರೂ ಒಟ್ಟಿಗೆ. ಹೊಲಿಗೆ ಯಂತ್ರ, ಪಾತ್ರೆ, ಹಾಸಿಗೆಗಳನ್ನು ಟೆಂಪೋದಲ್ಲಿ ಮುಂದೆ ಕಳಿಸಿ, ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಕ್ರೇನಪ್ಪ ತನ್ನ ಹಳೇ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಮಕ್ಕಳ ಸೀಟು ಎರಡೂ ತಂದಿದ್ದ. ಅಷ್ಟು ತಿಳಿವಳಿಕೆ ಇತ್ತು ಅವನಿಗೆ. ತಪ್ಪಿದ್ದು ಇಟ್ಟ ಜಾಗದಲ್ಲಿ.

ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದ ನರ್ಸಕ್ಕ ಗೇಟಿನ ಹತ್ತಿರ ನಿಂತು ಕಾರಿನೊಳಗೆ ಇಣುಕಿದಳು. ಅವಳ ಕೆಲಸ ಹೆರಿಗೆ ಆಸ್ಪತ್ರೆಯಲ್ಲಿ. ಬಾಣಂತಿಯರು ಮನೆಗೆ ಹೊರಡುವಾಗ ಕಾರಿನವರೆಗೂ ಹೋಗಿ, ಮಗುವಿನ ಸೀಟು ಅಲ್ಲಾಡಿಸಿ ನೋಡಿಯೇ ಕಳಿಸುವವಳು.

“ಏನಯ್ಯಾ ಕ್ರೇನಪ್ಪ, ಗುಂಡನ ಸೀಟು ಮುಂದೆ ಯಾಕಿದೆ?”

“ನನ್ನ ಪಕ್ಕ ಕೂರಲಿ ಅಂತ ಅಕ್ಕ.” ಕ್ರೇನಪ್ಪನ ಮುಖ ಅರಳಿತು. “ನೋಡಿ, ಮುಖ ನನಗೆ ಕಾಣೋ ಹಾಗೆ ಮುಂದಕ್ಕೆ ತಿರುಗಿಸಿ ಕಟ್ಟಿದ್ದೀನಿ. ಅರ್ಧ ದಿನದ ದಾರಿ. ಅವನು ನನ್ನ ನೋಡ್ತಾನೆ, ನಾನು ಅವನ್ನ ನೋಡ್ತೀನಿ. ಬಂದರು ಮುಟ್ಟೋ ಹೊತ್ತಿಗೆ ಇಬ್ಬರೂ ದೋಸ್ತಿ.”

“ದಾರಿ ಯಾರು ನೋಡ್ತಾರೆ?”

“ಅದನ್ನೂ ನಾನೇ ನೋಡ್ತೀನಿ.”

“ನಿನಗೇನು ನಾಲ್ಕು ಕಣ್ಣಿದೆಯಾ?” ಅನ್ನುತ್ತ ನರ್ಸಕ್ಕ ಹಿಂದಿನ ಬಾಗಿಲು ತೆಗೆದಳು. ಪುಟ್ಟಿಯ ಸೀಟೂ ಮುಂದಕ್ಕೆ ಮುಖ ಮಾಡಿತ್ತು. ಒಂದು ಕೈಯಿಂದ ಹಿಡಿದು ಎಳೆದರೆ ಇಡೀ ಸೀಟು ಓಲಾಡಿತು. “ಇದೇನು, ಉಯ್ಯಾಲೆನಾ?”

ಟೈಲರಮ್ಮ ಬುತ್ತಿ ಚೀಲ ಹಿಡಿದು ಇಳಿದು ಬಂದಳು. ಹೆಗಲಿಗೆ ಒರಗಿದ ಗುಂಡ, ಕಾಲಿಗೆ ಅಂಟಿಕೊಂಡ ಪುಟ್ಟಿ. “ನಾನೂ ನಿನ್ನೆಯಿಂದ ಹೇಳ್ತಾನೇ ಇದ್ದೀನಿ ಅಕ್ಕ, ಮಗೂನ ನನ್ನ ಮಡಿಲಲ್ಲಿ ಇಟ್ಕೋತೀನಿ ಅಂತ. ಇವರು ಕೇಳಲ್ಲ.”

“ಒಳ್ಳೇದೇ ಆಯ್ತು ಬಿಡು, ಕೇಳದೆ ಇದ್ದದ್ದು. ಗಾಡಿ ಗಕ್ಕನೆ ನಿಂತ್ರೆ ಮಡಿಲಲ್ಲಿರೋ ಮಗು ಕೈಯಲ್ಲಿ ನಿಲ್ಲಲ್ಲ ಕಣಮ್ಮ. ತಾಯಿ ಪ್ರೀತಿ ಎಷ್ಟೇ ಗಟ್ಟಿ ಇದ್ರೂ ತೋಳು ಅಷ್ಟು ಗಟ್ಟಿ ಅಲ್ಲ.” ನರ್ಸಕ್ಕ ಕ್ರೇನಪ್ಪನ ಕಡೆ ತಿರುಗಿದಳು. “ಮಗು ಹಿಂದಿನ ಸೀಟಿಗೆ ಹೋಗಬೇಕು. ಮುಖ ಹಿಂದಿನ ಗಾಜಿನ ಕಡೆ. ಇಬ್ಬರದ್ದೂ.”

ಕ್ರೇನಪ್ಪನ ಮುಖ ಬಾಡಿತು. “ಅಂದ್ರೆ ನನಗೆ ಕಾಣೋದೇನು? ಸೀಟಿನ ಬೆನ್ನಾ? ಹೆತ್ತ ಅಪ್ಪನಿಗೇ ಮಗ ಬೆನ್ನು ಹಾಕಿ ಕೂರಬೇಕಾ?”

“ಹೂಂ.”

“ಆಗಲ್ಲ ಅಕ್ಕ. ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಕಣ್ಣಿಗೆ ಕಾಣದ ಹೊರೆ ಎತ್ತಬಾರದು. ಕಾಣದೆ ಇದ್ರೆ ನನಗೆ ಕೈ ಓಡಲ್ಲ.” ಬೇರೆ ಕಡೆ ತಿರುಗಿ ಮಾತು ಮುಂದುವರಿಸಿದ. “ಮೂರು ತಿಂಗಳಾಯ್ತು ಅಕ್ಕ. ಅವನಿಗೆ ನಾನು ಯಾರು ಅಂತ ಗೊತ್ತಿಲ್ಲ. ಒಂದು ಅರ್ಧ ದಿನ ಮುಖ ನೋಡ್ತೀನಿ ಅಂದ್ರೆ ಅದಕ್ಕೂ ಕಲ್ಲು ಹಾಕ್ತೀರಲ್ಲ.”

ನರ್ಸಕ್ಕ ಜೋರು ಬಾಯಿಯವಳು. ಆದರೆ ಆ ಮಾತಿಗೆ ಅವಳ ಬಾಯಿ ಮೆತ್ತಗಾಯಿತು. ಕಾಂಪೌಂಡ್ ಕಟ್ಟೆಯ ಮೇಲೆ ಕೂತು, ಅವನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು.

“ಸರಿ, ನಿನ್ನ ಕೆಲಸದ ಮಾತೇ ಆಡೋಣ. ಹೊರೆ ಎತ್ತೋ ಮುಂಚೆ ಮೊದಲು ಏನು ನೋಡ್ತೀಯ?”

“ಭಾರ ಯಾವ ಕಡೆಗಿದೆ ಅಂತ. ಭಾರ ಇದ್ದ ಕಡೆಗೇ ಅದು ವಾಲೋದು.”

“ಈಗ ಗುಂಡನ್ನ ನೋಡು. ಭಾರ ಯಾವ ಕಡೆಗಿದೆ?”

ಕ್ರೇನಪ್ಪ ಹೆಂಡತಿಯ ಹೆಗಲಿಗೆ ಒರಗಿದ್ದ ಮಗನನ್ನು ನೋಡಿದ. ಗುಂಡನ ತಲೆ ಕುಂಬಳಕಾಯಿಯ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಿತ್ತು. ಟೈಲರಮ್ಮ ಅಂಗೈ ಕೊಟ್ಟು ಹಿಡಿದುಕೊಂಡಿದ್ದಳು.

“ತಲೇಲಿ,” ಅಂದ ಮೆಲ್ಲಗೆ.

“ಆ ತಲೆ ನಿಂತಿರೋ ಕತ್ತು ಎಷ್ಟು ದಪ್ಪ ಇದೆ? ಇನ್ನೂ ಎಳೇದು. ನಿನ್ನ ಗಾಡಿ ಓಡ್ತಾ ಇದ್ದು ಒಮ್ಮೆಗೇ ನಿಂತಿತು ಅನ್ಕೋ. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಮೈಯನ್ನ ಸೀಟಿನ ಪಟ್ಟಿ ಹಿಡಿದು ನಿಲ್ಲಿಸುತ್ತೆ. ತಲೆಯನ್ನ ಯಾರು ಹಿಡೀತಾರೆ? ಅದು ರಪ್ಪಂತ ಮುಂದಕ್ಕೆ ಹೋಗುತ್ತೆ. ಅಷ್ಟೂ ಭಾರ ಕತ್ತಿನ ಮೇಲೆ.”

ಕ್ರೇನಪ್ಪನ ಕೈ ತನಗೆ ತಿಳಿಯದೆಯೇ ತನ್ನ ಕತ್ತಿನ ಹಿಂಬದಿಗೆ ಹೋಗಿತ್ತು.

“ಅದೇ ಹಿಂದಕ್ಕೆ ಮುಖ ಮಾಡಿ ಕೂತಿದ್ರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿಗೆ ಒರಗುತ್ತೆ. ಏಟನ್ನ ಸೀಟು ತಿನ್ನುತ್ತೆ, ಮಗು ಅಲ್ಲ. ಬೆನ್ನು ಹಾಕೋದು ಅನ್ನೋ ಒಂದೇ ಮಾತು ನಿನಗೆ ಕೇಳಿಸ್ತು ಕ್ರೇನಪ್ಪ. ಬೆನ್ನಿಗೆ ನಿಲ್ಲೋದು ಅಂತಲೂ ಒಂದು ಮಾತಿದೆಯಲ್ಲ? ಕಷ್ಟ ಬಂದಾಗ ಎದುರು ನಿಂತು ಮುಖ ನೋಡೋರು ಬೇಕಾ, ಬೆನ್ನಿಗೆ ನಿಲ್ಲೋರು ಬೇಕಾ?”

“ಹಾಗಾದ್ರೆ ಹಿಂದಕ್ಕೆ ತಿರುಗಿಸಿ ಮುಂದಿನ ಸೀಟಲ್ಲೇ ಇಡ್ತೀನಿ. ಪಕ್ಕದಲ್ಲಾದ್ರೂ ಇರ್ತಾನೆ.”

“ಅಯ್ಯೋ ಮಾರಾಯ! ಅದು ಇನ್ನೂ ಕೆಟ್ಟದ್ದು. ಆ ಡ್ಯಾಶ್‌ಬೋರ್ಡ್ ಒಳಗೆ ಏರ್‌ಬ್ಯಾಗ್ ಇದೆ.”

“ಅದು ಕಾಪಾಡೋಕೆ ತಾನೇ ಇರೋದು?”

“ದೊಡ್ಡೋರನ್ನ. ಅದು ಉಬ್ಬಿ ಬರೋ ರಭಸಕ್ಕೆ ದೊಡ್ಡೋರಿಗೇ ಮೈ ನೋವಾಗುತ್ತೆ. ಅದರ ಮುಂದೆ ಕೂಸಿನ ಸೀಟಿದ್ರೆ ಅದೇ ಗುದ್ದು ನೇರ ಸೀಟಿನ ಬೆನ್ನಿಗೆ, ಅಲ್ಲಿಂದ ತಲೆಗೆ. ಎಳೆ ಮಕ್ಕಳಿಗೆ ಹಿಂದಿನ ಸೀಟೇ ಸರಿ.”

ಟೈಲರಮ್ಮನಿಗೊಂದು ಅನುಮಾನ. “ಗುಂಡ ಸರಿ ಅಕ್ಕ. ಪುಟ್ಟಿ ಒಂದೂವರೆ ವರ್ಷದವಳು, ಉದ್ದ ಬೇರೆ ಆಗಿದ್ದಾಳೆ. ಹಿಂದಕ್ಕೆ ಕೂರಿಸಿದ್ರೆ ಕಾಲು ಮಡಚಬೇಕಾಗುತ್ತಲ್ಲ?”

“ಮಕ್ಕಳಿಗೆ ಕಾಲು ಮಡಚೋದು ಹೊಸದಾ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲ್ವಾ ಇಡೀ ದಿನ? ಎರಡು ವರ್ಷ ತುಂಬೋವರೆಗಂತೂ ಹಿಂದಕ್ಕೇ ಇರಲಿ. ಆಮೇಲೂ ಸೀಟಿನ ಮೇಲೆ ಬರೆದಿರೋ ತೂಕ, ಎತ್ತರ ಮೀರೋವರೆಗೆ ಹಾಗೇ ಕೂರಿಸಬಹುದು. ಮುಂದಕ್ಕೆ ತಿರುಗಿಸಿದ ಮಾತ್ರಕ್ಕೆ ಮಗು ಬೇಗ ದೊಡ್ಡದಾಗಿಬಿಡಲ್ಲ.”

ಕ್ರೇನಪ್ಪ ಎದ್ದ. ಮುಂದಿನ ಸೀಟಿನಿಂದ ಗುಂಡನ ಸೀಟನ್ನು ಬಿಚ್ಚಿದ. ಅದನ್ನು ಎದೆಗೆ ಅವಚಿಕೊಂಡು ಒಂದು ಕ್ಷಣ ಹಾಗೇ ನಿಂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅವನ ಮುಖ ಹಾಗಿತ್ತು. ಆದರೆ ಆಮೇಲೆ ಅವನ ಕಸುಬು ಎಚ್ಚೆತ್ತಿತು. ಹೊರೆ ಕಟ್ಟುವ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಂಡನ ಸೀಟನ್ನು ಹಿಂದೆ ಒಂದು ತುದಿಗೆ, ಪುಟ್ಟಿಯದನ್ನು ಇನ್ನೊಂದು ತುದಿಗೆ ಇಟ್ಟ. ಎರಡರ ಮುಖವೂ ಹಿಂದಕ್ಕೆ. ಸೀಟಿನ ಜೊತೆ ಬಂದ ಪುಸ್ತಕ ನೋಡಿ ಬೆಲ್ಟನ್ನು ಸರಿಯಾದ ತೂತಿನಲ್ಲಿ ತೂರಿಸಿದ. ಮಂಡಿ ಊರಿ, ಮೈಭಾರ ಬಿಟ್ಟು ಬಿಗಿದ.

“ಈಗ ಬೆಲ್ಟ್ ಹಾದುಹೋಗೋ ಜಾಗದಲ್ಲೇ ಹಿಡಿದು ಅಲ್ಲಾಡಿಸು,” ಅಂದಳು ನರ್ಸಕ್ಕ. “ಹೆಬ್ಬೆರಳಗಲಕ್ಕಿಂತ ಹೆಚ್ಚು ಜರುಗಬಾರದು.”

ಅಲ್ಲಾಡಿಸಿದ. ಸೀಟಿನ ಬದಲು ಕಾರೇ ಅಲ್ಲಾಡಿತು.

“ನಡುವೆ ಇಡೋದು ಒಳ್ಳೇದು ಅಂತ ಯಾರೋ ಅಂದಿದ್ರು?” ಟೈಲರಮ್ಮ ಕೇಳಿದಳು.

“ಒಂದೇ ಮಗು ಇದ್ದು, ನಡುವೆ ಸೀಟು ಗಟ್ಟಿಯಾಗಿ ಕೂತ್ರೆ ಒಳ್ಳೇದೇ. ಎರಡಿದ್ದಾಗ ಒಂದಕ್ಕೊಂದು ಒತ್ತಿಕೊಂಡು ಎರಡೂ ಸಡಿಲ ಆಗೋ ಬದಲು, ಎಲ್ಲಿ ಬಿಗಿಯಾಗಿ ಕೂರುತ್ತೋ ಅದೇ ಒಳ್ಳೇ ಜಾಗ. ಗುಂಡನ ಸೀಟು ಸ್ವಲ್ಪ ಹಿಂದಕ್ಕೆ ಒರಗಿರಲಿ. ನೆಟ್ಟಗಿದ್ರೆ ನಿದ್ದೇಲಿ ಗದ್ದ ಎದೆಗೆ ಬಿದ್ದು ಉಸಿರು ಕಟ್ಟುತ್ತೆ. ಎಷ್ಟು ಒರಗಬೇಕು ಅಂತ ಸೀಟಿನ ಪಕ್ಕದಲ್ಲೇ ಗೆರೆ ಹಾಕಿದ್ದಾರೆ ನೋಡು.”

ಗುಂಡನಿಗೆ ಟೈಲರಮ್ಮ ದಪ್ಪನೆಯ ಹತ್ತಿಯ ಕೋಟು ತೊಡಿಸಿದ್ದಳು. ಕೈಯಾರೆ ಹೊಲಿದದ್ದು. ನರ್ಸಕ್ಕ ಅದನ್ನು ಬಿಚ್ಚಿಸಿದಳು. “ಕೋಟು ಚೆನ್ನಾಗಿದೆ, ಬೇಜಾರು ಮಾಡ್ಕೋಬೇಡ. ಆದ್ರೆ ಇದರ ಮೇಲೆ ಪಟ್ಟಿ ಬಿಗಿದ್ರೆ ಪಟ್ಟಿ ಹಿಡಿಯೋದು ಹತ್ತಿಯನ್ನ, ಮಗುವನ್ನಲ್ಲ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ. ಪಟ್ಟಿ ಹೊರಡೋದು ಹೆಗಲ ಮಟ್ಟದಿಂದ, ಇಲ್ಲ ಅದಕ್ಕಿಂತ ಸ್ವಲ್ಪ ಕೆಳಗಿಂದ. ಹಾಕಾದ ಮೇಲೆ ಹೆಗಲ ಹತ್ತಿರ ಪಟ್ಟಿ ಚಿವುಟಿ ನೋಡು. ಬಟ್ಟೆ ಹಿಡಿದು ನೋಡೋದು ನಿನಗೇನು ಹೊಸದಾ?”

ಟೈಲರಮ್ಮ ಗುಂಡನನ್ನು ಸೀಟಿನಲ್ಲಿ ಕೂರಿಸಿ, ಪಟ್ಟಿ ಹಾಕಿ ಚಿವುಟಿದಳು. ಪಟ್ಟಿ ಎರಡು ಬೆರಳ ನಡುವೆ ಮಡಿಕೆಯಾಗಿ ಬಂತು. “ಸಡಿಲ ಇದೆ,” ಅಂದು, ಅಳತೆ ತಪ್ಪಿದ ಬಟ್ಟೆ ಕಂಡವಳ ಹಾಗೆ ಮುಖ ಕಿವುಚಿದಳು. ಬಿಗಿದು ಮತ್ತೆ ಚಿವುಟಿದಳು. ಬೆರಳು ಜಾರಿತು. “ಈಗ ಸರಿ.”

ಎಲ್ಲ ಸರಿಯಾಯಿತು. ಕ್ರೇನಪ್ಪ ಚಾಲಕನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿ ನೋಡಿದ. ಕಂಡದ್ದು ಎರಡು ಕಪ್ಪು ಪ್ಲಾಸ್ಟಿಕ್ ಬೆನ್ನು. ಒಂದರ ಮೇಲೆ ಪುಟ್ಟಿಯ ಕೂದಲಿನ ಜುಟ್ಟು. ಇನ್ನೊಂದರಲ್ಲಿ ಏನೂ ಇಲ್ಲ.

“ಒಂದು ಕನ್ನಡಿಯಾದ್ರೂ ಕಟ್ಟಿಕೊಳ್ಳಲಾ ಅಕ್ಕ?”

“ಬೇಡ. ಕಣ್ಣು ದಾರಿ ಮೇಲಿರಲಿ.” ನರ್ಸಕ್ಕ ಕಿಟಕಿಯಲ್ಲಿ ಬಗ್ಗಿದಳು. “ಒಂದು ಕೇಳ್ತೀನಿ. ಹಡಗಿನ ಹೊಟ್ಟೆಯೊಳಗೆ ಇರೋ ಹೊರೆ ಮೇಲಿಂದ ಕಾಣಲ್ವಲ್ಲ, ಆಗೇನು ಮಾಡ್ತೀಯ?”

“ಕೆಳಗೆ ಒಬ್ಬ ಇರ್ತಾನೆ. ವಾಕಿಟಾಕಿಯಲ್ಲಿ ಹೇಳ್ತಾ ಹೋಗ್ತಾನೆ. ಅವನ ಬಾಯೇ ನನ್ನ ಕಣ್ಣು.”

“ಮತ್ತೆ?” ಅನ್ನುತ್ತ ನರ್ಸಕ್ಕ ಟೈಲರಮ್ಮನ ಕಡೆ ಕಣ್ಣು ಹೊಡೆದಳು. ಸಣ್ಣ ಮೈಕಟ್ಟಿನ ಟೈಲರಮ್ಮ ಎರಡು ಸೀಟುಗಳ ನಡುವೆ ತೂರಿ, ತನ್ನ ಬೆಲ್ಟ್ ತಾನು ಹಾಕಿಕೊಂಡಳು. “ನಡೀರಿ ಕ್ರೇನಪ್ಪನವರೇ,” ಅಂದಳು. ಅವಳು ಗಂಡನನ್ನು ಹಾಗೆ ಕರೆದದ್ದು ಅದೇ ಮೊದಲು. ನರ್ಸಕ್ಕ ನಗುತ್ತ ಹಿಂದೆ ಸರಿದಳು. ಕಾರು ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಮೇಲ್ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಇರುವುದಿಲ್ಲ.

ಹೆದ್ದಾರಿ ಸಿಕ್ಕಿತು.

“ಏನ್ ಮಾಡ್ತಿದ್ದಾನೆ?” ಅಂದ ಕ್ರೇನಪ್ಪ.

“ಆಕಳಿಸಿದ.”

“ಈಗ?”

“ಮುಷ್ಟಿ ಬಾಯಿಗೆ ಹಾಕ್ಕೊಂಡ. ಪೂರ್ತಿ ಹಿಡಿಸದೆ ಇರೋದಕ್ಕೆ ಕೋಪ ಬಂದಿದೆ. ನಿಮ್ಮ ಹಾಗೇ ಮೂಗಿನ ಮೇಲೆ ಕೋಪ.”

“ಹುಬ್ಬು ಗಂಟು ಹಾಕ್ತಾನಾ?”

“ಹಾಕ್ತಾನೆ. ಎಡಗಡೇದು ಮಾತ್ರ.”

ಕ್ರೇನಪ್ಪ ದಾರಿ ನೋಡುತ್ತ ನಕ್ಕ. ಎಡಗಡೆಯ ಹುಬ್ಬು ಮಾತ್ರ ಗಂಟು ಹಾಕುತ್ತಾನೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಅಷ್ಟೆಲ್ಲ ಕಾಣುತ್ತಿರಲಿಲ್ಲ. ತಿರುಗಿ ನೋಡಬೇಕೆಂದು ಜೀವ ಎಳೆಯಿತು. ನೋಡಲಿಲ್ಲ.

ಒಂದು ಗಂಟೆ ಆಯಿತು ಅನ್ನುವಷ್ಟರಲ್ಲಿ ಮರದ ನೆರಳು ನೋಡಿ ನಿಲ್ಲಿಸಿದರು. ಎಳೆ ಮಕ್ಕಳನ್ನು ಸೀಟಿನಲ್ಲಿ ಬಹಳ ಹೊತ್ತು ಕೂರಿಸಬಾರದು, ಹಾಲು ಕೊಡುವುದಾದರೆ ಗಾಡಿ ನಿಲ್ಲಿಸಿ ಕೆಳಗಿಳಿಸಿಯೇ ಕೊಡಬೇಕು ಎಂದು ನರ್ಸಕ್ಕ ಮರೆಯದೆ ಹೇಳಿ ಕಳಿಸಿದ್ದಳು. ಹಾಲು ಕುಡಿದ ಮಗನನ್ನು ಕ್ರೇನಪ್ಪ ಎತ್ತಿಕೊಂಡ. ಗುಂಡ ಅತ್ತ. ಕ್ರೇನಪ್ಪ ಪೆಚ್ಚು ಮುಖ ಮಾಡಿ ತಾಯಿಗೆ ಕೊಟ್ಟ. ಮತ್ತೆ ಪಟ್ಟಿ ಬಿಗಿದು, ಚಿವುಟಿ ನೋಡಿ ಹೊರಟರು.

ಎರಡನೆಯ ಊರು ದಾಟಿದ ಮೇಲೆ ಅದು ಆಯಿತು. ಮುಂದೆ ಹೋಗುತ್ತಿದ್ದ ಲಾರಿಯಿಂದ ಹಗ್ಗ ಕಳಚಿ, ಒಂದು ದೊಡ್ಡ ಡ್ರಮ್ಮು ರಸ್ತೆಗೆ ಹಾರಿಬಿತ್ತು. ಕ್ರೇನಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟ. ಟೈರು ಚೀರಿತು. ಬೆಲ್ಟು ಅವನ ಎದೆಯನ್ನು ಕಚ್ಚಿ ಹಿಡಿಯಿತು. ಮುಂದಿನ ಸೀಟಿನ ಮೇಲಿದ್ದ ಬುತ್ತಿ ಚೀಲ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು, ಡಬ್ಬಿ ಒಡೆದು, ಅನ್ನವೆಲ್ಲ ಗಾಜಿಗೆ ಮೆತ್ತಿಕೊಂಡಿತು. ಬೆಳಿಗ್ಗೆ ಗುಂಡನ ಸೀಟು ಇದ್ದದ್ದು ಅದೇ ಜಾಗದಲ್ಲಿ.

ಕಾರು ಡ್ರಮ್ಮಿಗೆ ಒಂದು ಮೊಳ ಈಚೆ ನಿಂತಿತು.

ಹಿಂದಿನಿಂದ ಸದ್ದಿಲ್ಲ.

“ಹೇಳೇ,” ಅಂದ ಕ್ರೇನಪ್ಪ. ತಿರುಗಲು ಕತ್ತು ಬರುತ್ತಿಲ್ಲ. ಬೆರಳುಗಳು ಸ್ಟಿಯರಿಂಗನ್ನು ಬಿಡುತ್ತಿಲ್ಲ. “ಏನಾದ್ರೂ ಹೇಳೇ. ಕಾಣ್ತಿಲ್ಲ ನನಗೆ. ಹೇಳೇ!”

ಅಷ್ಟರಲ್ಲಿ ಪುಟ್ಟಿ ಗೊಳೋ ಎಂದು ಅಳತೊಡಗಿದಳು. ಅವಳ ಅಳುವಿನ ನಡುವೆ ಟೈಲರಮ್ಮನಿಗೆ ಉಸಿರು ಬಂತು.

“ಪುಟ್ಟಿ ಹೆದರಿದ್ದಾಳೆ ಅಷ್ಟೇ. ಏನೂ ಆಗಿಲ್ಲ.”

“ಗುಂಡ?”

“ರೀ,” ಅಂದಳು ಟೈಲರಮ್ಮ. “ನಿದ್ದೆ ಮಾಡ್ತಿದ್ದಾನೆ ಕಣ್ರೀ. ಎಚ್ಚರಾನೇ ಆಗಿಲ್ಲ.”

ಕ್ರೇನಪ್ಪ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಕೆಳಗಿಳಿದ. ಸುತ್ತಿ ಬಂದು ಹಿಂದಿನ ಬಾಗಿಲು ತೆಗೆದು, ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿದ. ಗುಂಡ ಸೀಟಿನೊಳಗೆ ಹುದುಗಿ ಮಲಗಿದ್ದ. ತಲೆ, ಕತ್ತು, ಬೆನ್ನು ಎಲ್ಲ ಇದ್ದಲ್ಲೇ ಇದ್ದವು. ತುಟಿಯ ಅಂಚಿನಲ್ಲಿ ಹಾಲಿನ ಹನಿ ಒಣಗಿತ್ತು. ಕ್ರೇನಪ್ಪ ನೋಡಿದ. ಮೂರು ತಿಂಗಳಿಂದ ನೋಡಬೇಕು ನೋಡಬೇಕು ಅಂದುಕೊಂಡ ಮುಖವನ್ನು, ಹತ್ತಿರದಿಂದ, ಕಣ್ಣು ತುಂಬ, ಯಾವ ಅವಸರವೂ ಇಲ್ಲದೆ ನೋಡಿದ.

ನೋಡುತ್ತಿದ್ದ ಹಾಗೇ ಗುಂಡ ಕಣ್ಣು ಬಿಟ್ಟ. ಎದುರಿಗಿದ್ದ ಮುಖವನ್ನು ಪರೀಕ್ಷಿಸಿದ. ತುಟಿ ಮುದುಡಿತು, ಗದ್ದ ಅದುರಿತು, ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಕಿರುಚಿದ.

“ಅಳು ಕಂದಾ,” ಅಂದ ಕ್ರೇನಪ್ಪ. ಅವನೂ ಅಳುತ್ತಿದ್ದ, ನಗುತ್ತಲೂ ಇದ್ದ. “ಎಷ್ಟು ಬೇಕೋ ಅಷ್ಟು ಅಳು. ಇಲ್ಲೇ ಇದ್ದೀನಿ.”

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ದೂರದಿಂದ ಬಂದು ಮೊಮ್ಮಗುವಿನ ಮುಖ ನೋಡಲು ಹಾತೊರೆಯುವ ಅಜ್ಜ ಅಜ್ಜಿಯರೇ, ನಿಮ್ಮ ಆಸೆ ನಮಗೆ ಅರ್ಥವಾಗುತ್ತದೆ. ಆದರೆ ಕಾರು ಹತ್ತುವಾಗ ಆ ಆಸೆಯನ್ನು ಸ್ವಲ್ಪ ಹೊತ್ತು ಕಟ್ಟಿಡಿ. ಎಳೆ ಮಕ್ಕಳು ಎಷ್ಟೇ ಇರಲಿ, ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿ, ಅವರವರ ಸೀಟಿನಲ್ಲಿ ಕೂರಿಸಿ. ಸೀಟು ಅಲ್ಲಾಡಿಸಿ ನೋಡಿ, ಪಟ್ಟಿ ಚಿವುಟಿ ನೋಡಿ. ಅನುಮಾನ ಬಂದರೆ ಸೀಟಿನ ಪುಸ್ತಕ ತೆರೆಯಿರಿ, ಗೊತ್ತಿರುವವರನ್ನು ಕೇಳಿ, ನಾಚಿಕೆ ಬೇಡ. ಪಕ್ಕದ ಮನೆಯವರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತದ್ದು ಕಂಡರೆ ಹೋಗಿ ಜಗಳ ಆಡಿ. ಇವತ್ತು ಬೈದುಕೊಂಡರೂ ಬೈದುಕೊಳ್ಳಲಿ.

ಮಗುವಿನ ಮುಖ ನೋಡಲು ಇಡೀ ಆಯುಷ್ಯ ಇದೆ. ದಾರಿಯಲ್ಲಿ ಮಾತ್ರ ಅದರ ಬೆನ್ನು ಕಾಯಿರಿ.